ಸಂಜೆಯೊಳಗೆ ಕೆಲಸ ಮಾಡಿಸುವ ರಾಜ

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡ ಮೇಲೆ ಜಮ್ಮಾ ಜಾಗದ (ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನು) ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಿ ಅಲೆಯುತ್ತಿದ್ದೇನೆ. ಕಳೆದ ವಾರ ನಾಲ್ಕನೇ ಸಲ ಕಚೇರಿಗೆ ಹೋದೆ. ಬಾಗಿಲ ಮೂಲೆಗೆ ಒರಗಿಸಿದ್ದ ಕೊಡೆಗಳಿಂದ ನೀರು ಇಳಿದು ಕೌಂಟರ್ ತನಕ ಹರಿದಿತ್ತು, ಒಳಗಿಂದ 'ಸರ್ವರ್ ಇಲ್ಲ' ಅನ್ನುವ ಅದೇ ಉತ್ತರ. ಮುಂದೆ ನಿಂತಿದ್ದ ಹಿರಿಯರೊಬ್ಬರು ರೇಗಿ, "ಇವರಿಗೆಲ್ಲ ಒಬ್ಬ ರಾಜನೇ ಬೇಕು ಮಾರಾಯ, ಒಂದು ಮಾತು ಹೇಳಿದ್ರೆ ಸಂಜೆಯೊಳಗೆ ಕೆಲಸ" ಅಂದರು. ಸಾಲಿಗೆ ಸಾಲೇ ತಲೆ ಆಡಿಸಿತು. ನಿಜ ಹೇಳಬೇಕಂದ್ರೆ ನಾನೂ ಆಡಿಸಿದೆ.

ಬಸ್ಸು ಹತ್ತಿದ ಮೇಲೆ ಯೋಚನೆ ಶುರುವಾಯ್ತು. ಸಂಜೆಯೊಳಗೆ ಖಾತೆ ಮಾಡಿಸುವ ರಾಜ ಸಂಜೆಯೊಳಗೆ ಜಾಗ ಕಿತ್ತುಕೊಳ್ಳಲೂಬಹುದು, ಅಲ್ವಾ? ಆಗ ಅರ್ಜಿ ಯಾರಿಗೆ ಕೊಡೋದು?

ನಮ್ಮ ಕೊಡಗಿನಲ್ಲಿ ರಾಜರಿಗೇನು ಬರ ಇತ್ತೇ? ಹಾಲೇರಿ ವಂಶದ ಲಿಂಗರಾಜ 1811ರಲ್ಲಿ ಅಧಿಕಾರಿಗಳು ಹೇಗೆ ನಡೆಯಬೇಕು ಅನ್ನುವ ಹುಕುಂನಾಮೆ ಹೊರಡಿಸಿದ, ಜಮೀನು ಅಳೆಸಿ ಶಿಸ್ತು, ಅಂದರೆ ಕಂದಾಯ, ಗೊತ್ತು ಮಾಡಿದ. ಒಳ್ಳೆ ಕೆಲಸವೇ. (ಈಗಿನ ಸರ್ವೆಯವರಿಗಿಂತ ಬೇಗ ಅಳೆಸಿದ ಅಂತಲೂ ಒಪ್ಪುತ್ತೇನೆ.) ಆದರೆ ಆ ಹುಕುಂ ಕಟ್ಟಿಹಾಕಿದ್ದು ಅಧಿಕಾರಿಗಳನ್ನು, ರಾಜನನ್ನಲ್ಲ. 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದಾಗ ಅಪ್ಪನ ಅಧಿಕಾರವೆಲ್ಲ ಹಾಗೆ ಹಾಗೇ ಅವನ ಕೈಗೆ ಬಂತು, ಬೇಡ ಅನ್ನುವವರು ಯಾರೂ ಇರಲಿಲ್ಲ. ಕೊನೆಗೆ ಅವನ ಒಡಹುಟ್ಟಿದವಳೇ ಗಂಡನ ಜೊತೆ ಜೀವ ಉಳಿಸಿಕೊಳ್ಳಲು ಗಡಿ ದಾಟಿ ಮೈಸೂರಿಗೆ ಓಡಿದಳು. ಅರಮನೆಯವರ ಪಾಡೇ ಹೀಗಾದರೆ ಪೌತಿ ಖಾತೆಯವರದ್ದು ಏನು?

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಬಂದು ಅವನನ್ನು ಇಳಿಸಿದರು. ಎಲ್ಲ ಒಬ್ಬನ ಕೈಯಲ್ಲೇ ಇದ್ದಾಗ ಆ ಒಬ್ಬನನ್ನು ಹಿಡಿದರೆ ಸಾಕು, ನಾಡೇ ಸಿಕ್ಕಿದ ಹಾಗೆ. ಆಮೇಲೆ ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆಯಂತೆ ಆಳುತ್ತೇವೆ ಅಂತ ಸಾರಿದರು ನೋಡಿ, ಅದಕ್ಕೆ ನಗಬೇಕೋ ಅಳಬೇಕೋ! ಕೊಡಗು ಬೇರೆಯೇ ರಾಜ್ಯವಾಗಿದ್ದಾಗ ಅದರ ವಿಧಾನಸಭೆಗೆ ಜನರನ್ನು ಓಟು ಕೇಳಿದ್ದು 1952ರಲ್ಲಿ. ಬರೀ 24 ಸ್ಥಾನದ ಪುಟ್ಟ ಸಭೆ, ನಾಲ್ಕು ವರ್ಷ ಇತ್ತು ಅಷ್ಟೇ. ಆದರೂ ಅದು ನಮ್ಮದು.

ನನ್ನ ಖಾತೆ ಇನ್ನೂ ಆಗಿಲ್ಲ. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ 'ಸಕಾಲ' ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶ ಇದೆಯಂತೆ, ಸೋಮವಾರ ಹಾಕಲು ಹೋಗುತ್ತಿದ್ದೇನೆ. ರಾಜ ಬೇಕು ಅಂದ ಹಿರಿಯರಿಗೆ ಫೋನ್ ಮಾಡಿದ್ದೆ. ಅವರೂ ಜೊತೆಗೆ ಬರ್ತಾರಂತೆ.

– ಒಬ್ಬ ಬೆಳೆಗಾರ, ಮಡಿಕೇರಿ ತಾಲ್ಲೂಕು