ಗೋಲು, ಸ್ಮ್ಯಾಶ್ ಎಣಿಸಿದರೆ ಸಾಲದು, ಆಟಗಾರನ ಪೂರ್ತಿ ಲೆಕ್ಕ ಬರೆಯಿರಿ

ಮಾನ್ಯ ಸಂಪಾದಕರೇ,

ಅಂತರ ಕಾಲೇಜು ಟೂರ್ನಿಗಳು ಶುರುವಾದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೈದಾನಗಳ ಸುತ್ತ ಒಂದೇ ಜಗಳ: ಈ ವರ್ಷ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡುವವನು, ಯಾರಾಗಬೇಕು? "ಅಂವಾ ಏನ್ ಹೊಡಿತಾನ್ರೀ, ನೆಲಾನ ಬಿರೀತೈತಿ" ಎಂದು ಒಬ್ಬರು. "ನಮ್ಮ ಹುಡುಗಾ ಮೂರು ಗೋಲ್ ಹಾಕ್ಯಾನ, ನಿಮ್ಮಂವಾ ಏನ್ ಮಾಡ್ಯಾನ?" ಎಂದು ಇನ್ನೊಬ್ಬರು. ಜಗಳ ತಪ್ಪಲ್ಲ. ಆಡುವ ಹುಡುಗರ ಬಗ್ಗೆ ಜನ ಇಷ್ಟು ಮನಸ್ಸಿಟ್ಟು ಮಾತಾಡುವ ಊರಿನಲ್ಲೇ ಆಟ ಉಳಿಯುತ್ತದೆ. ಆದರೆ ಈ ವಾದಕ್ಕೆಲ್ಲ ಆಧಾರವಾಗಿ ಸಿಗುವುದು ಹದಿನೈದು ಸೆಕೆಂಡಿನ ರೀಲ್ ಮತ್ತು ಪತ್ರಿಕೆಯ ನಾಲ್ಕು ಸಾಲು. ರೀಲ್‌ನಲ್ಲಿ ಇಡೀ ಪಂದ್ಯದ ಚೆಂದದ ಮೂರು ಹೊಡೆತ ಇರುತ್ತವೆ, ಹಾಳಾದ ಹತ್ತು ಇರುವುದಿಲ್ಲ. ಪತ್ರಿಕೆಯಲ್ಲಿ ಗೆದ್ದ ಕಾಲೇಜಿನ ಹೆಸರು, ಸ್ಕೋರು, ಬಹುಮಾನ ವಿತರಿಸಿದ ಗಣ್ಯರ ಪಟ್ಟಿ. ಹುಡುಗ ಹೇಗೆ ಆಡಿದ ಎಂಬುದು ಎರಡರಲ್ಲೂ ಇಲ್ಲ.

ವಾಲಿಬಾಲ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕ ಇಡುವುದು ಸುಲಭ, ಆದರೂ ಯಾರೂ ಇಡುವುದಿಲ್ಲ. ಇಬ್ಬರು ಸ್ಮ್ಯಾಷರ್‌ಗಳು ಒಂದು ಪಂದ್ಯದಲ್ಲಿ ತಲಾ 30 ಸಲ ಹೊಡೆದರು ಎಂದಿಟ್ಟುಕೊಳ್ಳೋಣ. ಮೊದಲಿನವನಿಗೆ 14 ಪಾಯಿಂಟ್ ಬಂದವು. ಆದರೆ ಹೊರಗೆ ಹೋದದ್ದು, ನೆಟ್ಟಿಗೆ ಬಿದ್ದದ್ದು, ಎದುರಾಳಿ ನೆಟ್ಟಿನ ಬಳಿ ಕೈಯೆತ್ತಿ ತಡೆದು (ಬ್ಲಾಕ್ ಆಗಿ) ಇತ್ತಲೇ ಬಿದ್ದದ್ದು ಸೇರಿ 9 ಸಲ ಪಾಯಿಂಟ್ ಕಳೆದ. ಎರಡನೆಯವನಿಗೆ 11 ಪಾಯಿಂಟ್, ಕಳೆದದ್ದು 3. ಪ್ರೇಕ್ಷಕರು ಹೆಗಲ ಮೇಲೆ ಹೊತ್ತು ಕುಣಿಯುವುದು ಮೊದಲಿನವನನ್ನು. ತಂಡಕ್ಕೆ ಉಳಿದದ್ದು ಎಷ್ಟು ನೋಡಿ: ಅವನಿಂದ 5, ಎರಡನೆಯವನಿಂದ 8. ಪ್ರತಿ ರ‍್ಯಾಲಿಗೂ (ಸರ್ವಿಸ್‌ನಿಂದ ಚೆಂಡು ಬೀಳುವವರೆಗಿನ ಆಟಕ್ಕೂ) ಪಾಯಿಂಟ್ ಇರುವ ಈಗಿನ ಪದ್ಧತಿಯಲ್ಲಿ ಕಳೆದ ಚೆಂಡು ಎದುರಾಳಿಗೆ ಕೊಟ್ಟ ಪಾಯಿಂಟೇ. ಗಳಿಸಿದ್ದರಲ್ಲಿ ಕಳೆದದ್ದನ್ನು ತೆಗೆದು, ಒಟ್ಟು ಹೊಡೆತಕ್ಕೆ ಭಾಗಿಸಿದರೆ ಮೊದಲಿನವನು ನೂರಕ್ಕೆ ಸುಮಾರು 17, ಎರಡನೆಯವನು 27. ಸರ್ವಿಸ್‌ಗೂ ಇದೇ ಲೆಕ್ಕ. ನಾಲ್ಕು ಏಸ್ (ಎದುರಾಳಿ ಎತ್ತಲಾಗದೆ ನೇರ ಪಾಯಿಂಟ್ ತಂದ ಸರ್ವಿಸ್) ಹಾಕಿ ಎಂಟು ಸರ್ವಿಸ್ ನೆಟ್ಟಿಗೆ ಹೊಡೆದವನನ್ನು ಸರ್ವಿಸ್‌ನಲ್ಲಿ ಹುಲಿ ಎನ್ನುವ ಮೊದಲು ಒಮ್ಮೆ ಕಾಗದ ನೋಡಬೇಕು.

ಇದಕ್ಕಿಂತ ದೊಡ್ಡ ವಿಷಯ ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಲಿಫ್ಟರ್‌ನದು. ಸ್ಮ್ಯಾಷರ್ ಎದುರು ಒಬ್ಬನೇ ಬ್ಲಾಕರ್ ಇದ್ದನೇ, ಇಬ್ಬರಿದ್ದರೇ ಎಂಬುದರಲ್ಲೇ ಅರ್ಧ ಪಾಯಿಂಟ್ ತೀರ್ಮಾನವಾಗಿರುತ್ತದೆ. ಎದುರಿನ ಮಧ್ಯದ ಬ್ಲಾಕರ್‌ನನ್ನು ಒಂದು ಕಡೆ ಎಳೆದು ಚೆಂಡನ್ನು ಇನ್ನೊಂದು ಕಡೆ ಕಳಿಸುವುದು ಲಿಫ್ಟರ್‌ನ ಕೈಚಳಕ. ಅದನ್ನು ನೋಡಬೇಕೆಂದರೆ ಚೆಂಡು ಅವನ ಕೈಗೆ ಬರುವ ಮೊದಲಿನ ಅರ್ಧ ಸೆಕೆಂಡ್ ಅವನ ಸೊಂಟ, ಮೊಣಕೈ ನೋಡಿ. ಒಳ್ಳೆಯ ಲಿಫ್ಟರ್ ಮುಂದಕ್ಕೆ ಎತ್ತುವಾಗಲೂ ಹಿಂದಕ್ಕೆ ಎತ್ತುವಾಗಲೂ ಅದೇ ಜಾಗದಲ್ಲಿ, ಹಣೆಯ ಮೇಲೆ, ಚೆಂಡು ಹಿಡಿಯುತ್ತಾನೆ. ಕಲಿಯುತ್ತಿರುವವನು ಹಿಂದಕ್ಕೆ ಕೊಡುವಾಗ ಬೆನ್ನು ಮೊದಲೇ ಬಾಗಿಸುತ್ತಾನೆ, ಬ್ಲಾಕರ್‌ಗೆ ಗುಟ್ಟು ರಟ್ಟಾಗುತ್ತದೆ. ಎತ್ತಿದ ಚೆಂಡು ನೆಟ್ಟಿಗೆ ಅಂಟಿಕೊಂಡು ಬಂದರೆ ಅದು ಬ್ಲಾಕರ್‌ನ ಪಾಲು. ಎರಡು ಮೀಟರ್ ದೂರ ಬಿದ್ದರೆ ಸ್ಮ್ಯಾಷರ್ ನೇರ ಕೆಳಗೆ ಹೊಡೆಯಲಾರ, ಚಪ್ಪಟೆ ಹೊಡೆದು ಹೊರಗೆ ಕಳಿಸುತ್ತಾನೆ. ಆ ತಪ್ಪು ಸ್ಮ್ಯಾಷರ್ ಹೆಸರಿನಲ್ಲಿ ದಾಖಲಾಗುತ್ತದೆ, ಬೈಗುಳವೂ ಅವನಿಗೇ. ನೆಟ್ಟಿನಿಂದ ಅರ್ಧ ಮೀಟರ್‌ನಿಂದ ಒಂದು ಮೀಟರ್ ಒಳಗೆ, ನೆಟ್ಟಿನ ಅಂಚಿನ ಕೋಲು (ಆಂಟೆನಾ) ದಾಟದಂತೆ, ಪಂದ್ಯವಿಡೀ ಚೆಂಡು ಎತ್ತಿಕೊಡುವ ಹುಡುಗ ತಂಡದಲ್ಲಿದ್ದರೆ ಸಾಧಾರಣ ಸ್ಮ್ಯಾಷರ್ ಕೂಡ ಹೀರೋ ಆಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಎತ್ತರದ ಹೊಡೆತಗಾರರಿಗೆ ಬರವಿಲ್ಲ, ಬರ ಇರುವುದು ಲಿಫ್ಟರ್‌ಗಳಿಗೆ. ಹೆಸರೇ ಅಚ್ಚಾಗದ ಜಾಗಕ್ಕೆ ಯಾವ ಹುಡುಗ ಆಸೆಪಟ್ಟು ಬರುತ್ತಾನೆ?

ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವುದಕ್ಕೇ ಇರುವ ಲಿಬೆರೊ ಪಾಡು ಇನ್ನೂ ಕಷ್ಟ. ನಿಯಮದ ಪ್ರಕಾರ ಅವನು ಬ್ಲಾಕ್ ಮಾಡುವಂತಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಎದುರಿನ ಅಂಕಣಕ್ಕೆ ಹೊಡೆಯುವಂತಿಲ್ಲ. ಹೀಗಾಗಿ ಪಾಯಿಂಟ್ ಗಳಿಸಿದವರ ಪಟ್ಟಿಯಲ್ಲಿ ಅವನ ಹೆಸರು ಬರುವುದೇ ಅಪರೂಪ. ಅವನನ್ನು ಅಳೆಯುವುದು ರಿಸೀವ್‌ನಿಂದ, ಪ್ರತಿ ಸರ್ವಿಸ್ ತೆಗೆದುಕೊಂಡಾಗಲೂ 3ರಿಂದ 0ವರೆಗೆ ಅಂಕ ಕೊಟ್ಟು. ಲಿಫ್ಟರ್ ನಿಂತಲ್ಲಿಗೇ ಚೆಂಡು ಹೋಗಿ, ಮುಂದಿನ ಎಲ್ಲ ಹೊಡೆತಗಾರರೂ ಸಿದ್ಧರಿದ್ದರೆ 3. ಲಿಫ್ಟರ್ ಎರಡು ಹೆಜ್ಜೆ ಓಡಬೇಕಾದರೂ ಎರಡು ದಾರಿ ಉಳಿದಿದ್ದರೆ 2. ಎತ್ತರಕ್ಕೆ ಒಂದೇ ಕಡೆ ಎತ್ತಿಕೊಡುವ ಸ್ಥಿತಿ, ಇಲ್ಲವೇ ಚೆಂಡನ್ನು ಸುಮ್ಮನೆ ಆಚೆ ದಾಟಿಸುವ ಸ್ಥಿತಿ ಬಂದರೆ 1. ಏಸ್ ಆದರೆ 0. ಒಬ್ಬ ಹುಡುಗ 20 ಸರ್ವಿಸ್ ತೆಗೆದುಕೊಂಡು 8 ಸಲ ಮೂರು, 6 ಸಲ ಎರಡು, 4 ಸಲ ಒಂದು, 2 ಸಲ ಸೊನ್ನೆ ಪಡೆದರೆ ಒಟ್ಟು 40, ಸರಾಸರಿ 2. ಬಯಲು ಅಂಕಣದಲ್ಲಿ, ಗಾಳಿಯಲ್ಲಿ ತೇಲಿ ಬರುವ ಫ್ಲೋಟ್ ಸರ್ವಿಸ್ ಎದುರು ಇದು ಹೊಗಳಿಕೆಗೆ ಯೋಗ್ಯವಾದ ಆಟ. ಒಂದು ಎಚ್ಚರಿಕೆ: ಎದುರಾಳಿಗಳು ಸರ್ವಿಸ್ ಕಳಿಸುವುದು ದುರ್ಬಲನ ಕಡೆಗೆ. ಆದ್ದರಿಂದ ಎಷ್ಟು ಸರ್ವಿಸ್ ಅವನ ಕಡೆ ಬಂದವು ಎಂಬ ಸಂಖ್ಯೆಯೂ ಮಾತಾಡುತ್ತದೆ. ಪಂದ್ಯವಿಡೀ ನಾಲ್ಕೇ ಸರ್ವಿಸ್ ಬಂದ ಲಿಬೆರೊ ಬಗ್ಗೆ ಎದುರಿನ ತಂಡದ ಕೋಚ್ ಏನು ಅಂದುಕೊಂಡಿದ್ದ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಗಾಳಿಯ ಮಾತು ಬಂದದ್ದರಿಂದ ಅಂಕಣದ ವಿಷಯವನ್ನೂ ಹೇಳಬೇಕು. ಪುರುಷರ ನೆಟ್ಟು 2.43 ಮೀಟರ್ ಇರಬೇಕು, ಮಹಿಳೆಯರದು 2.24. ಅದನ್ನು ಅಳೆಯುವುದು ಅಂಕಣದ ನಡುವೆ. ಎರಡೂ ಪಕ್ಕದ ಗೆರೆಗಳ ಮೇಲಿನ ಎತ್ತರ ಒಂದೇ ಇರಬೇಕು, ನಿಗದಿತ ಎತ್ತರಕ್ಕಿಂತ 2 ಸೆಂ.ಮೀ.ಗಿಂತ ಹೆಚ್ಚು ಮೇಲಿರಬಾರದು. ನಮ್ಮ ಅನೇಕ ಟೂರ್ನಿಗಳಲ್ಲಿ ಬೆಳಿಗ್ಗೆ ಅಳೆದು ಕಟ್ಟಿದ ನೆಟ್ಟು ಮಧ್ಯಾಹ್ನದ ಹೊತ್ತಿಗೆ ಹಗ್ಗ ಸಡಿಲಾಗಿ ನಡುವೆ ಜೋತು ಬಿದ್ದಿರುತ್ತದೆ. ಏಳೆಂಟು ಸೆಂ.ಮೀ. ಇಳಿದರೂ ಸಾಕು, ಮಧ್ಯದಿಂದ ಹೊಡೆಯುವ ಸಾಧಾರಣ ಹುಡುಗ ದೈತ್ಯನಂತೆ ಕಾಣುತ್ತಾನೆ. ಕಂಬ ಕರಿಮಣ್ಣಿನಲ್ಲಿ ಹುಗಿದದ್ದಾದರೆ ಎಳೆತಕ್ಕೆ ಒಳಗೆ ವಾಲುತ್ತದೆ, ಬುಡಕ್ಕೆ ಕಾಂಕ್ರೀಟ್ ಹಾಕದೆ ಬೇರೆ ದಾರಿಯಿಲ್ಲ. ಪ್ರತಿ ಪಂದ್ಯಕ್ಕೂ ಮೊದಲು ಅಳತೆಕೋಲು ಇಟ್ಟು ನೋಡುವುದು ಎರಡು ನಿಮಿಷದ ಕೆಲಸ. ಚೆಂಡಿನ ಗಾಳಿಯೂ ಅಷ್ಟೇ: ಒತ್ತಡ ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ. ಇರಬೇಕು. ಕಲ್ಲಿನಂತೆ ಗಟ್ಟಿಯಾಗಿ ತುಂಬಿದ ಚೆಂಡು ಕೈಯಿಂದ ಸಿಡಿಯುತ್ತದೆ, ಒಳ್ಳೆಯ ರಿಸೀವರ್‌ಗಳೂ ಕಳಪೆಯಾಗಿ ಕಾಣುತ್ತಾರೆ. ಇನ್ನು ಬೀಸುವ ಗಾಳಿ. ಪ್ರತಿ ಸೆಟ್ ನಂತರ ಬದಿ ಬದಲಾಗುತ್ತದೆ, ಐದನೇ ಸೆಟ್‌ನಲ್ಲಿ 8 ಪಾಯಿಂಟ್‌ಗೆ ಬದಲಾಗುತ್ತದೆ. ಗಾಳಿಗೆದುರಾಗಿ ಆಡಿದ ಸೆಟ್‌ನ ಸರ್ವಿಸ್ ಲೆಕ್ಕವನ್ನೂ ಗಾಳಿ ಬೆನ್ನಿಗಿದ್ದ ಸೆಟ್‌ನ ಲೆಕ್ಕವನ್ನೂ ಬೇರೆಬೇರೆ ಇಟ್ಟರೆ, ಒಳಾಂಗಣ ಅಂಕಣಕ್ಕೆ ಹೋದಾಗ ಯಾರ ಸರ್ವಿಸ್ ಉಳಿಯುತ್ತದೆ ಎಂದು ಊಹಿಸಬಹುದು.

"ನಮ್ಮ ಕಾಲದ ಸ್ಮ್ಯಾಷರ್‌ಗಳ ಮುಂದ ಇವ್ರೇನ್ರೀ" ಎನ್ನುವ ಹಿರಿಯರಿಗೂ ಗೌರವದಿಂದ ಒಂದು ಮಾತು. ಆಗ 15 ಪಾಯಿಂಟ್‌ನ ಆಟ, ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್. ಲಿಬೆರೊ ಬಂದದ್ದೂ 1998ರ ಸುಮಾರಿಗೆ. ಆಗಿನ ಬಹಳಷ್ಟು ಸ್ಮ್ಯಾಶ್‌ಗಳಿಂದ ಸರ್ವಿಸ್ ಮಾತ್ರ ಕೈಗೆ ಬರುತ್ತಿತ್ತು, ಪಾಯಿಂಟ್ ಅಲ್ಲ. ಎರಡು ಬೇರೆ ನಿಯಮಗಳ ಆಟಗಾರರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಫುಟ್‌ಬಾಲ್‌ನಲ್ಲಿ ಲೆಕ್ಕ ಕಷ್ಟ, ವಾದ ಹೆಚ್ಚು. ಬೆಳಗಾವಿಯ ಕ್ಯಾಂಪ್, ಟಿಳಕವಾಡಿ ಕಡೆ ಫುಟ್‌ಬಾಲ್ ಬಲ್ಲ ಪ್ರೇಕ್ಷಕರಿಗೆ ಕೊರತೆಯಿಲ್ಲ, ಆದರೂ ಮಾತು ಗೋಲಿನ ಸಂಖ್ಯೆಗೇ ಬಂದು ನಿಲ್ಲುತ್ತದೆ. ಮೂರು ಗೋಲು ಎಂದಾಗ ಕೇಳಬೇಕಾದ ಪ್ರಶ್ನೆಗಳಿವೆ. ಅದರಲ್ಲಿ ಪೆನಾಲ್ಟಿ ಎಷ್ಟು? ಗೋಲ್‌ಕೀಪರ್ ಕೈಯಿಂದ ಜಾರಿದ ಚೆಂಡು ಎಷ್ಟು? ತಂಡ 5–0 ಮುಂದಿದ್ದಾಗ ಬಂದದ್ದೆಷ್ಟು? ಎಷ್ಟು ನಿಮಿಷ ಆಡಿ ಹಾಕಿದ್ದು? ಎದುರಾಳಿ ಯಾರು ಎಂಬುದು ಎಲ್ಲಕ್ಕಿಂತ ಮುಖ್ಯ. ಪೂರ್ತಿ ಫುಟ್‌ಬಾಲ್ ತಂಡವಿಲ್ಲದ ಕಾಲೇಜುಗಳು ಕಬಡ್ಡಿ, ಅಥ್ಲೆಟಿಕ್ಸ್ ಹುಡುಗರನ್ನು ಸೇರಿಸಿ ಹನ್ನೊಂದು ಜನ ಮಾಡಿ ಕಳಿಸುತ್ತವೆ. ಅಂಥ ತಂಡದ ಮೇಲೆ ಬಂದ ನಾಲ್ಕು ಗೋಲಿಗಿಂತ ಸೆಮಿಫೈನಲ್‌ನಲ್ಲಿ ಗುರಿಯತ್ತ ಹೊಡೆದ ಮೂರು ಶಾಟ್ ಹೆಚ್ಚು ತೂಕದ್ದು, ಒಂದೂ ಗೋಲಾಗದಿದ್ದರೂ.

ಡಿಫೆಂಡರ್‌ಗಳ ವಿಷಯದಲ್ಲಿ ನಮ್ಮ ಪ್ರೇಕ್ಷಕರು ತಪ್ಪಾಗಿ ಚಪ್ಪಾಳೆ ಹೊಡೆಯುತ್ತಾರೆ ಎಂದು ಸ್ಪಷ್ಟವಾಗಿ ಹೇಳಬೇಕಿದೆ. ಧೂಳೆಬ್ಬಿಸಿ ಜಾರಿ ಚೆಂಡು ಕಿತ್ತವನು ಕಣ್ಣಿಗೆ ಬೀಳುತ್ತಾನೆ. ಆದರೆ ಜಾರಬೇಕಾಗಿ ಬಂದದ್ದು ಬಹಳ ಸಲ ತಪ್ಪು ಜಾಗದಲ್ಲಿ ನಿಂತದ್ದಕ್ಕೆ. ಪಾಸ್ ಬರುವ ದಾರಿಯಲ್ಲೇ ಮೊದಲು ಹೋಗಿ ನಿಂತವನಿಗೆ ಜಾರುವ ಅಗತ್ಯವೇ ಬೀಳುವುದಿಲ್ಲ. ಅವನ ಆಟ ಅಳೆಯುವುದು ತಡೆದ ಪಾಸ್‌ಗಳಿಂದ, ಗೆದ್ದ ಹೆಡರ್‌ಗಳಿಂದ, ಆ ಹೆಡರ್ ತನ್ನವರಿಗೆ ಹೋಯಿತೇ ಎಂಬುದರಿಂದ. ಮಿಡ್‌ಫೀಲ್ಡರ್‌ನನ್ನು ನೋಡುವ ಬಗೆ ಬೇರೆ. ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿ. ಚೆಂಡು ತನ್ನತ್ತ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ಕತ್ತು ತಿರುಗಿಸಿ ನೋಡುತ್ತಾನೆಯೇ? ಮೈ ಅರ್ಧ ತೆರೆದು ನಿಲ್ಲುತ್ತಾನೆಯೇ? ಮೊದಲ ಟಚ್‌ನಲ್ಲೇ ಚೆಂಡು ಮುಂದಕ್ಕೆ ಹೋಗುತ್ತದೆಯೇ, ಅಥವಾ ಕಾಲಿಗೆ ಬಡಿದು ಎರಡು ಮೀಟರ್ ಸಿಡಿಯುತ್ತದೆಯೇ? ನಮ್ಮ ಗಟ್ಟಿ ನೆಲದಲ್ಲಿ, ಪುಟಿಯುವ ಚೆಂಡನ್ನು ಒಂದೇ ಟಚ್‌ನಲ್ಲಿ ಹದಕ್ಕೆ ತರುವ ಹುಡುಗನ ಕೌಶಲ ಹುಲ್ಲಿನ ಮೈದಾನಕ್ಕೆ ಹೋದರೆ ಇನ್ನೂ ಹೊಳೆಯುತ್ತದೆ. ಬರೀ ಓಟದಿಂದ ಗೆಲ್ಲುವವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಗೋಲ್‌ಕೀಪರ್‌ನದು ಸರಳ. 12 ಶಾಟ್ ಗುರಿಗೆ ಬಂದು 3 ಗೋಲಾದರೆ ಅವನು 9 ಉಳಿಸಿದ. 2 ಬಂದು 1 ಗೋಲಾದರೆ ಉಳಿಸಿದ್ದು ಒಂದೇ. ವರದಿಯಲ್ಲಿ ಮಾತ್ರ ಮೊದಲಿನವನು ಮೂರು ಗೋಲು ಬಿಟ್ಟುಕೊಟ್ಟವನು.

ಇಷ್ಟೆಲ್ಲ ಯಾಕೆ ಬೇಕೆಂದರೆ, ಆಯ್ಕೆಯ ದಾರಿ ಹಾಗಿದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಭಾಗದ ಹುಡುಗರು ಧಾರವಾಡದ ಬದಲು ಬೆಳಗಾವಿಯ ತಂಡಕ್ಕೆ ಆಡುವಂತಾಯಿತು. ಈಗ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಹುಡುಗರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬೇರೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅವಕಾಶ ಹೆಚ್ಚಿತು, ಸಂತೋಷ. ಆದರೆ ಒಂದೇ ಊರಿನ ಬಿ.ಎ. ಹುಡುಗನೂ ಎಂಜಿನಿಯರಿಂಗ್ ಹುಡುಗನೂ ಒಂದೇ ಟೂರ್ನಿಯಲ್ಲಿ ಎದುರುಬದುರಾಗುವುದಿಲ್ಲ, ಹೋಲಿಸಿ ವಾದಿಸುವವರು ಇಬ್ಬರನ್ನೂ ಒಂದೇ ಅಂಕಣದಲ್ಲಿ ನೋಡಿರುವುದಿಲ್ಲ. ಮೇಲಾಗಿ ಹೆಚ್ಚಿನ ಟೂರ್ನಿ ನಾಕೌಟ್. ದುರ್ಬಲ ತಂಡದಲ್ಲಿರುವ ಒಳ್ಳೆಯ ಹುಡುಗ ಮೊದಲ ದಿನವೇ ಸೋತು ಬಸ್ ಹತ್ತುತ್ತಾನೆ. ಅವನ ರಿಸೀವ್ 2.3 ಇತ್ತು, ಹತ್ತು ಹೆಡರ್‌ನಲ್ಲಿ ಎಂಟು ಗೆದ್ದ ಎಂದು ಎಲ್ಲೋ ಒಂದು ಕಡೆ ಬರೆದಿಟ್ಟಿದ್ದರೆ ಆಯ್ಕೆ ಶಿಬಿರಕ್ಕೆ ಕರೆಯಲು ಕಾರಣ ಸಿಗುತ್ತಿತ್ತು. ಬರೆದಿಡದಿದ್ದರೆ ಉಳಿಯುವುದು ಫೈನಲ್ ಆಡಿದ ಹನ್ನೆರಡು ಜನರ ನೆನಪು ಮಾತ್ರ.

ಹುಡುಗಿಯರ ಪಂದ್ಯಗಳಿಗಂತೂ ಒಂದೇ ಸಾಲು. ಅವರ ವಾಲಿಬಾಲ್‌ನಲ್ಲಿ ರ‍್ಯಾಲಿ ಉದ್ದ, ಎತ್ತಿ ಉಳಿಸಿದ ಚೆಂಡುಗಳೇ ಪಂದ್ಯ ತೀರ್ಮಾನಿಸುತ್ತವೆ. ಪುರುಷರ ಪಂದ್ಯದಂತೆ ಸ್ಮ್ಯಾಶ್ ಮಾತ್ರ ಎಣಿಸಿದರೆ ಅವರಲ್ಲಿ ಅತ್ಯುತ್ತಮಳು ಯಾರೆಂದು ಗೊತ್ತೇ ಆಗುವುದಿಲ್ಲ. ಅಲ್ಲಿ ಹೀಗೆ ಎತ್ತಿ ಉಳಿಸಿದ್ದಕ್ಕೆ, ಅಂದರೆ ಡಿಗ್‌ಗೆ, ಒಂದು ಕಾಲಂ ಬೇಕೇ ಬೇಕು.

ಖರ್ಚಿನ ಕೆಲಸವಿದಲ್ಲ. ಇಬ್ಬರು ವಿದ್ಯಾರ್ಥಿಗಳು ಸಾಕು, ಒಬ್ಬ ನೋಡಿ ಹೇಳುವುದು, ಇನ್ನೊಬ್ಬ ಗೆರೆ ಹಾಕುವುದು. ಒಬ್ಬನೇ ಎರಡೂ ಮಾಡಹೋದರೆ ಬರೆಯುವಷ್ಟರಲ್ಲಿ ಮುಂದಿನ ರ‍್ಯಾಲಿ ಮುಗಿದಿರುತ್ತದೆ. ಫುಟ್‌ಬಾಲ್‌ಗೆ ಹದಿನೈದು ನಿಮಿಷಕ್ಕೊಂದು ಹಾಳೆ ಬದಲಿಸಿ, ಚೆಂಡು ಕಳೆದ ಜಾಗ, ಕಿತ್ತುಕೊಂಡ ಜಾಗ, ಗುರಿಗೆ ಹೋದ ಶಾಟ್ ಇಷ್ಟನ್ನೇ ಬರೆದರೂ ಮೊದಲ ವರ್ಷಕ್ಕೆ ಸಾಕು. ವಿಡಿಯೊ ತೆಗೆಯುವುದಾದರೆ ವಾಲಿಬಾಲ್‌ಗೆ ಮೊಬೈಲನ್ನು ಹಿಂಬದಿ ಗೆರೆಯ ಆಚೆ, ಸುಮಾರು ಮೂರು ಮೀಟರ್ ಎತ್ತರದಲ್ಲಿ, ಇಡೀ ಅಂಕಣ ಕಾಣುವಂತೆ ಕಟ್ಟಿ. ಪಕ್ಕದಿಂದ ತೆಗೆದರೆ ಎಷ್ಟು ಬ್ಲಾಕರ್‌ಗಳಿದ್ದರು ಎಂಬುದೇ ಕಾಣುವುದಿಲ್ಲ. ಇನ್ನು ವಾಲಿಬಾಲ್‌ನ ಅಧಿಕೃತ ಸ್ಕೋರ್‌ಶೀಟ್‌ನಲ್ಲೇ ಪ್ರತಿ ಆಟಗಾರನ ಸರ್ವಿಸ್ ಸರದಿ ಮುಗಿದಾಗಿನ ಪಾಯಿಂಟ್ ಬರೆದಿರುತ್ತದೆ. ಆಟಗಾರರು ಜಾಗ ಬದಲಿಸುತ್ತ ಹೋಗುವ ಯಾವ ಸರದಿಯಲ್ಲಿ (ರೊಟೇಷನ್) ತಂಡ ಸಿಕ್ಕಿಕೊಂಡು ಐದಾರು ಪಾಯಿಂಟ್ ಕಳೆದುಕೊಂಡಿತು ಎಂಬುದನ್ನು ಅದರಿಂದಲೇ ತೆಗೆಯಬಹುದು. ಪಂದ್ಯ ಮುಗಿದ ಮೇಲೆ ಆ ಹಾಳೆಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಪುಟದಲ್ಲಿ ಈಗ ಉದ್ಘಾಟಕರು, ಅಧ್ಯಕ್ಷತೆ, ವೇದಿಕೆ ಮೇಲಿದ್ದವರಿಗೆ ಹೋಗುವ ಜಾಗದಲ್ಲಿ ಅರ್ಧವನ್ನು ಆಟಗಾರರಿಗೆ ಕೊಡಿ. ಫುಟ್‌ಬಾಲ್ ಆದರೆ ಗೋಲಿನ ನಿಮಿಷ, ಪಾಸ್ ಕೊಟ್ಟವನ ಹೆಸರು, ಕೀಪರ್ ಉಳಿಸಿದ್ದು. ವಾಲಿಬಾಲ್ ಆದರೆ ಸೆಟ್‌ವಾರು ಸ್ಕೋರು, ಇಬ್ಬರು ಮುಖ್ಯ ಹೊಡೆತಗಾರರು ಗಳಿಸಿದ್ದು ಮತ್ತು ಕಳೆದದ್ದು, ಲಿಫ್ಟರ್ ಹೆಸರು, ಲಿಬೆರೊ ರಿಸೀವ್ ಸರಾಸರಿ. ಆತಿಥ್ಯ ವಹಿಸಿದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಸಂಜೆ ಆರರೊಳಗೆ ಹಾಳೆಯ ಫೋಟೊ ನಿಮ್ಮ ವರದಿಗಾರರ ಮೊಬೈಲಿಗೆ ಕಳಿಸಿದರೆ ಮರುದಿನದ ಪತ್ರಿಕೆಗೆ ಸಿಗುತ್ತದೆ. ಅಂಕಣದ ಬದಿಯಲ್ಲಿ ಲೆಕ್ಕ ಹಾಕಿದ ವಿದ್ಯಾರ್ಥಿಗಳ ಹೆಸರನ್ನೂ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಿ, ಮುಂದಿನ ಪಂದ್ಯಕ್ಕೆ ಅವರೇ ಪೆನ್ನು ಹಿಡಿದು ಬರುತ್ತಾರೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ,
ವಿಜಯಪುರ