ಖಾನಾವಳಿಯ ಪಾರ್ಸಲ್ ಕುರಿತು ಹುಬ್ಬಳ್ಳಿ-ಧಾರವಾಡ ಮಹಾಪೌರರಿಗೆ ಬಹಿರಂಗ ಪತ್ರ

ಮಾನ್ಯ ಮಹಾಪೌರರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಹುಬ್ಬಳ್ಳಿಯಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತೇನೆ. ನಮ್ಮಲ್ಲಿ ಈಗ ಕುಳಿತು ಉಣ್ಣುವವರಿಗಿಂತ ಕಟ್ಟಿಸಿಕೊಂಡು ಹೋಗುವವರೇ ಹೆಚ್ಚು. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು ಎಂದು ಒಂದು ಊಟ ಕಟ್ಟಿದರೆ ಐದಾರು ಸಣ್ಣ ಪ್ಲಾಸ್ಟಿಕ್ ಚೀಲಗಳೂ ಅವನ್ನೆಲ್ಲ ತುಂಬಿಕೊಡಲು ಇನ್ನೊಂದು ದೊಡ್ಡ ಚೀಲವೂ ಖರ್ಚಾಗುತ್ತಿದ್ದವು. ಇದನ್ನು ಬಿಡಬೇಕೆಂದು ಹೊರಟಾಗ ಎದುರಾದ ತೊಡಕುಗಳನ್ನೂ ಪಾಲಿಕೆಯಿಂದ ಆಗಬೇಕಾದ ಕೆಲಸವನ್ನೂ ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಕಾನೂನಿಗೇನೂ ಕೊರತೆಯಿಲ್ಲ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಆದರೆ ಕೇಂದ್ರದ ಪಟ್ಟಿಯಲ್ಲಿ ತಟ್ಟೆ, ಲೋಟ, ಸ್ಟ್ರಾ, ಟ್ರೇಗಳ ಹೆಸರಿದೆಯೇ ಹೊರತು ಮುಚ್ಚಳವಿರುವ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಹೆಸರಿಲ್ಲ. ದೊಡ್ಡ ಹೋಟೆಲ್‌ಗಳು ಆ ಡಬ್ಬಿಯತ್ತ ಸರಿದವು. ಅದರ ದರ ಭರಿಸಲಾಗದ ನಮ್ಮಂಥವರು ಮಣ್ಣಿನಲ್ಲಿ ಕೊಳೆಯುವ ಚೀಲವನ್ನು ಹುಡುಕತೊಡಗಿದೆವು.

ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ಸಗಟು ಅಂಗಡಿಯೊಂದರಿಂದ ಅಂಥ ಚೀಲಗಳ ಒಂದು ಗಂಟು ತಂದೆ. ತಿಳಿಹಸಿರು ಬಣ್ಣ, ಮೇಲೊಂದು ಎಲೆಯ ಚಿತ್ರ, ಅದರ ಕೆಳಗೆ ‘ಕಂಪೋಸ್ಟೆಬಲ್’ ಎಂಬ ಮಾತು. ನಂಬಿಕೆ ಸಾಲದೆ ಅದರಲ್ಲೊಂದನ್ನು ಹಿತ್ತಲಿನಲ್ಲಿ, ಒಂದು ಬಾಳೆ ಎಲೆ ಮತ್ತು ಒಂದು ಮುತ್ತಲ ಎಲೆಯ ಪತ್ರಾವಳಿಯ ಜೊತೆಗೆ ಹೂತೆ. ಮಹಾನವಮಿಯ ಹೊತ್ತಿಗೆ ಅಗೆದು ನೋಡಿದರೆ ಬಾಳೆ ಎಲೆಯ ಸುಳಿವೇ ಇರಲಿಲ್ಲ. ಪತ್ರಾವಳಿಯಲ್ಲಿ ಹೊಲಿಗೆಯ ಕಡ್ಡಿಗಳಷ್ಟೇ ಉಳಿದಿದ್ದವು. ಚೀಲ ಮಾತ್ರ ತೊಳೆದರೆ ಮತ್ತೆ ಸಾರು ತುಂಬಿಸಬಹುದಾದಷ್ಟು ಗಟ್ಟಿಯಾಗಿತ್ತು. ಎಲೆಯ ಚಿತ್ರದ ಬಣ್ಣ ಕೂಡ ಮಾಸಿರಲಿಲ್ಲ.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಅಂಥ ಚೀಲ ಮಾರಬೇಕಾದರೆ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಐಎಸ್ 17088 ಎಂಬ ಭಾರತೀಯ ಮಾನಕಕ್ಕೆ ಚೀಲ ಹೊಂದಬೇಕು. ತಯಾರಕರ ಹೆಸರೂ ಪ್ರಮಾಣಪತ್ರದ ಸಂಖ್ಯೆಯೂ ಚೀಲದ ಮೇಲೆಯೇ ಅಚ್ಚಾಗಿರಬೇಕು. ನಾನು ತಂದ ಚೀಲದ ಮೇಲೆ ಇವೆರಡೂ ಇರಲಿಲ್ಲ. ಇನ್ನು ಅಸಲಿ ಸರಕಿನ ಕತೆಯೂ ಸರಳವಲ್ಲ. ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಎಂಬ ವಸ್ತುವಿನ ವಿಚಾರ ಓದಿದಾಗ, ನಮ್ಮ ಹಾವೇರಿ ಸೀಮೆಯ ಮೆಕ್ಕೆಜೋಳಕ್ಕೂ ಒಂದು ದಾರಿಯಾದೀತೆಂದು ಆಸೆಪಟ್ಟವನು ನಾನು. ಆದರೆ ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುತ್ತದೆ, ಮತ್ತು ಬೇಗ ಕೊಳೆಯಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಗೊಬ್ಬರದ ಘಟಕ ಬೇಕು. ಒಲೆಯಿಂದ ಇಳಿಸಿದ ಸಾರನ್ನು ಅದು ತಾಳದು. ಹಿತ್ತಲಿನ ತಿಪ್ಪೆಯಲ್ಲಿ ಬೇಗ ಕರಗಲೂ ಆರದು. ಕಾರವಾರ ರಸ್ತೆಯ ಅಥವಾ ಹೊಸಯಲ್ಲಾಪುರದ ಕಸದ ರಾಶಿಗೆ ಅದು ಬಿದ್ದರೆ ಉಳಿದ ಪ್ಲಾಸ್ಟಿಕ್ಕಿಗೂ ಅದಕ್ಕೂ ಏನು ವ್ಯತ್ಯಾಸ?

ಕಾಗದದ ಲೋಟವೂ ಬರಿಯ ಕಾಗದವಲ್ಲ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಗಿರಮಿಟ್, ಮಿರ್ಚಿ ಭಜಿ ಕಟ್ಟುವ ಹಳೆಯ ಪತ್ರಿಕೆಯಂತೂ ಮಸಿಯ ಕಾರಣಕ್ಕೆ ಆಹಾರ ಸುರಕ್ಷತಾ ನಿಯಮಕ್ಕೇ ವಿರುದ್ಧ.

ಎಲ್ಲಕ್ಕೂ ಒಂದೇ ಬದಲಿ ಹುಡುಕುವುದೇ ತಪ್ಪೆಂಬ ತೀರ್ಮಾನಕ್ಕೆ ಕೊನೆಗೆ ಬಂದೆ. ರೊಟ್ಟಿ, ಚಟ್ನಿ, ಗಟ್ಟಿ ಝುಣಕಕ್ಕೆ ಬಾಳೆ ಎಲೆ ಅಥವಾ ಮುತ್ತಲ ಎಲೆ ಸಾಕು. ಹೊಲಕ್ಕೆ ಬುತ್ತಿ ಕಟ್ಟುವ ನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಾರು, ಮಜ್ಜಿಗೆಗೆ ಮನೆಯ ಸ್ಟೀಲ್ ಡಬ್ಬಿಯೇ ಗತಿ. ಡಬ್ಬಿ ತಂದವರಿಗೆ ಊಟದ ಬೆಲೆಯಲ್ಲಿ 5 ರೂಪಾಯಿ ಕಡಿಮೆ ಮಾಡಿದೆ. ಮೊದಲ ವಾರ ಇಬ್ಬರೇ ತಂದರು. ಈಗ ಹತ್ತಿರದ ಕಚೇರಿಗಳವರು ಬೆಳಿಗ್ಗೆಯೇ ಡಬ್ಬಿ ಇಟ್ಟು ಹೋಗುತ್ತಾರೆ, ಯಾರ ಮುಚ್ಚಳ ಯಾರದ್ದೆಂಬ ತಕರಾರು ಮಾತ್ರ ದಿನಾ ಇದ್ದದ್ದೇ. ಆ್ಯಪ್ ಮೂಲಕ ಮನೆಗೆ ತರಿಸಿಕೊಳ್ಳುವವರಿಗೆ ಇದು ಸಾಗದು ಎಂಬುದನ್ನು ಒಪ್ಪುತ್ತೇನೆ. ಅಲ್ಲಿ ಕಬ್ಬಿನ ಸಿಪ್ಪೆಯ ಡಬ್ಬಿ ಅನ್ನ-ಪಲ್ಯಕ್ಕೆ ನಡೆದೀತು, ಸಾರಿಗೆ ಹೊತ್ತು ಕಳೆದಂತೆ ನೆನೆಯುತ್ತದೆ.

ಮಲೆನಾಡಿನ ಅಡಿಕೆ ಹಾಳೆಯ ತಟ್ಟೆಯನ್ನು ಎಲ್ಲರೂ ಸೂಚಿಸುತ್ತಾರೆ. ಅದರಿಂದ ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಆಕ್ಷೇಪ ಎತ್ತಿದೆ. ಇದರಿಂದ ಹೆದರಿ ಹಾಳೆಯನ್ನು ಬಿಡುವುದಾಗಲಿ, ಕೇಳಿಸಿಕೊಳ್ಳದಂತೆ ಇರುವುದಾಗಲಿ ಸರಿಯಲ್ಲ. ಧಾರವಾಡದಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿದೆ. ಬಿಸಿ ಸಾರು ಮತ್ತು ಎಣ್ಣೆಯ ಪಲ್ಯವಿಟ್ಟು ಪರೀಕ್ಷೆ ಮಾಡಿಕೊಡುವಂತೆ ಪಾಲಿಕೆ ಕೋರಬಹುದು.

ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ದಂಡದ ಪುಸ್ತಕ ಹಿಡಿದ ಸಿಬ್ಬಂದಿ ಮೊದಲು ಹೋಗಬೇಕಾದದ್ದು ನಕಲಿ ಚೀಲವನ್ನು ಗಂಟುಗಟ್ಟಲೆ ಮಾರುವ ಸಗಟು ಮಳಿಗೆಗೆ. ಪ್ರಮಾಣಪತ್ರದ ಸಂಖ್ಯೆ ಇದೆಯೇ ಎಂದು ನೋಡಲು ಅಲ್ಲಿ ಒಂದು ನಿಮಿಷ ಸಾಕು. ಮುತ್ತಲ ಎಲೆಯ ಪತ್ರಾವಳಿ, ದೊನ್ನೆ ಹೊಲಿಯುವ ಮಹಿಳಾ ಸ್ವಸಹಾಯ ಸಂಘಗಳಿಗೆ ಮಾರುಕಟ್ಟೆಗಳಲ್ಲಿ ಮಾರಾಟಕ್ಕೆ ಜಾಗ ಕೊಡಿಸಿ, ವರ್ಷವಿಡೀ ಸರಕು ಸಿಗುವಂತೆ ಮಾಡಬೇಕು. ಅಸಲಿ ಕಂಪೋಸ್ಟೆಬಲ್ ಸರಕನ್ನು ಕೊಳೆಸಬಲ್ಲ ಘಟಕ ಪಾಲಿಕೆಯಲ್ಲಿ ಇದೆಯೇ, ಇದ್ದರೆ ಅದನ್ನು ಯಾವ ಕಸದ ಜೊತೆ ಕೊಡಬೇಕು ಎಂಬುದನ್ನು ಲಿಖಿತವಾಗಿ ಪ್ರಕಟಿಸಬೇಕು.

ಹಿತ್ತಲಿನಿಂದ ಅಗೆದು ತೆಗೆದ ಆ ಚೀಲವನ್ನು ತೊಳೆದು ಇಟ್ಟುಕೊಂಡಿದ್ದೇನೆ. ತಾವು ಸಮಯ ಕೊಟ್ಟ ದಿನ ಪಾಲಿಕೆಯ ಕಚೇರಿಗೆ ತಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಖಾನಾವಳಿಯ ಮಾಲೀಕ, ಹುಬ್ಬಳ್ಳಿ