ಶಿಬಿರಕ್ಕೆ ಹೊರಡುವ ಮುಂಚೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಎನ್‌ಸಿಸಿ ಮಕ್ಕಳಿಗೆ, ಅದರಲ್ಲೂ ಹೊಸದಾಗಿ ಅಂಡರ್ ಆಫೀಸರ್ ಆದವರಿಗೆ ಇದು.

ನಿಮ್ಮ ರ‍್ಯಾಂಕ್ ನಡೆಯುವುದು ಕೆಡೆಟ್‌ಗಳ ನಡುವೆ ಮಾತ್ರ. ಸೀನಿಯರ್ ಅಂಡರ್ ಆಫೀಸರ್ ಆದರೂ ಡ್ರಿಲ್ ಕಲಿಸಲು ಬರುವ ಸೇನೆಯ ಹವಾಲ್ದಾರರಿಗೆ ಆದೇಶ ಕೊಡುವಂತಿಲ್ಲ. ಅವರು ಹೇಳಿದ್ದನ್ನು ನೀವು ಕೇಳಬೇಕು.

ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲೂ ಹೀಗೇ ಅಲ್ವಾ. ಅಲ್ಲಿನ ಕೆಡೆಟ್‌ಗಳಿಗೆ ಇನ್ನೂ ಕಮಿಷನ್, ಅಂದರೆ ಸೇನಾಧಿಕಾರಿಯಾಗಿ ನೇಮಕ, ಸಿಕ್ಕಿರುವುದಿಲ್ಲ. ಮೈದಾನದಲ್ಲಿ ಅವರನ್ನು ತಿದ್ದಿ ತೀಡುವುದು ಹವಾಲ್ದಾರ್, ಸುಬೇದಾರ್ ದರ್ಜೆಯ ಉಸ್ತಾದರು. ಪಾಸಿಂಗ್ ಔಟ್ ಪರೇಡ್ ಮುಗಿದು ಹೆಗಲ ಮೇಲೆ ಲೆಫ್ಟಿನೆಂಟ್‌ನ ಎರಡು ನಕ್ಷತ್ರ ಬಂದ ಮೇಲೆ ಅದೇ ಉಸ್ತಾದರು ಸೆಲ್ಯೂಟ್ ಹೊಡೆಯುತ್ತಾರೆ. ಆ ಸೆಲ್ಯೂಟ್ ಕಮಿಷನ್‌ಗೆ. ಅನುಭವ ಆಗಲೂ ಅವರ ಹತ್ತಿರವೇ ಜಾಸ್ತಿ. ಅದಕ್ಕೇ ಸುಬೇದಾರರನ್ನು ಅಧಿಕಾರಿಗಳೂ 'ಸಾಬ್' ಎಂದೇ ಕರೆಯುತ್ತಾರೆ. ಒಳ್ಳೆಯ ಲೆಫ್ಟಿನೆಂಟ್ ಅವರ ಮಾತು ಕೇಳಿಯೇ ತೀರ್ಮಾನ ಮಾಡುತ್ತಾನೆ. ಜವಾಬ್ದಾರಿ ಮಾತ್ರ ಅವನದೇ.

ನಾನು ಕೆಡೆಟ್ ಆಗಿದ್ದಾಗ ಒಬ್ಬ ಹವಾಲ್ದಾರರಿಗೆ ಎದುರು ಮಾತಾಡಿದ್ದೆ. ಅವರು ಸುಮ್ನೆ ನನ್ನ ಬೆಲ್ಟ್ ಸರಿ ಮಾಡಿ ಮುಂದೆ ಹೋದರು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಶನಿವಾರ ಬೆಳಿಗ್ಗೆ 6ಕ್ಕೆ ಮೈದಾನದಲ್ಲಿರಿ. ಬೂಟಿಗೆ ಪಾಲಿಶ್ ಹಿಂದಿನ ರಾತ್ರಿಯೇ ಆಗಿರಲಿ.